ಪೈಲಟ್ ಹೊಟ್ಟೆಯ ವಿಮಾನ

"ಇನ್ನೊಂದೇ ಒಂದು ಹಿತ್ತಾಳೆ ವಿಮಾನ ಈ ಮನೆಗೆ ಬಂತೋ, ಅದನ್ನೇ ಹತ್ತಿಕೊಂಡು ತವರಿಗೆ ಹೋಗ್ತೀನಿ" ಎಂದು ಹೆಂಡತಿ ಹೇಳಿದ ಮಾರನೇ ದಿನವೇ ಪೈಲಟ್ ಇನ್ನೊಂದು ಕೊಂಡ.

ಪೈಲಟ್ ಎನ್ನುವುದು ನೆರೆಹೊರೆಯವರು ಇಟ್ಟ ಹೆಸರು. ಆಸಾಮಿ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದರೂ ತಲೆ ಸುತ್ತುವ ಗಿರಾಕಿ. ಆದರೆ ಯುದ್ಧಕಾಲದ ಸೈನಿಕರು ಬೇಜಾರು ಕಳೆಯಲು ಖಾಲಿ ತೋಟಾಗಳ ಹಿತ್ತಾಳೆಯನ್ನು ಕುಟ್ಟಿ, ಉಜ್ಜಿ, ಬೆಸೆದು ಮಾಡಿದ ಪುಟ್ಟ ವಿಮಾನಗಳೆಂದರೆ ಅವನಿಗೆ ಪ್ರಾಣ. ಶೋಕೇಸಿನಿಂದ ಹೆಂಡತಿಯ ಪಿಂಗಾಣಿ ಕಪ್ಪುಗಳನ್ನು ಎಂದೋ ಒಕ್ಕಲೆಬ್ಬಿಸಿ ಅಲ್ಲೊಂದು ವಿಮಾನ ನಿಲ್ದಾಣವನ್ನೇ ಸ್ಥಾಪಿಸಿದ್ದ.

ಈ ಸಲ ಸಿಕ್ಕಿದ್ದು ಜೋಡಿ ರೆಕ್ಕೆಯದು. ಮುಂದುಗಡೆ ತಿರುಗುವ ಪಂಖ ಬೇರೆ. ಅದನ್ನು ಟವೆಲಿನಿಂದ ಹೊಟ್ಟೆಗೆ ಬಿಗಿದು, ಮೇಲೆ ಶರಟು ಹಾಕಿ, ದಿನ ತುಂಬಿದ ಬಸುರಿಯಂತೆ ಮೆಟ್ಟಿಲು ಹತ್ತತೊಡಗಿದ.

ಮೊದಲ ಮಹಡಿಯಲ್ಲಿ ರಿಟೈರ್ಡ್ ಮೇಷ್ಟ್ರು ನಿಂತಿದ್ದರು. ಅವರು ರಿಟೈರಾಗಿದ್ದು ಶಾಲೆಯಿಂದ ಮಾತ್ರ, ಪ್ರಶ್ನೆ ಕೇಳುವುದರಿಂದಲ್ಲ.

"ಏನಯ್ಯಾ, ಬೆಳಿಗ್ಗೆ ಚಪ್ಪಟೆಯಾಗಿದ್ದೆ. ಇದೇನಿದು?"

"ಸ್ವಲ್ಪ ಹೊಟ್ಟೆ ಉಬ್ಬರ ಸಾರ್."

ಅಷ್ಟರಲ್ಲಿ ರೆಕ್ಕೆ ಪಕ್ಕೆಗೆ ಚುಚ್ಚಿತು. "ಅಯ್ಯೋ!" ಎಂದು ಬಾಗಿದ. ಮೇಷ್ಟ್ರು ಹೊಟ್ಟೆ ಮುಟ್ಟಿ ನೋಡಿ ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. "ಕಲ್ಲಾಗಿದೆಯಲ್ಲಯ್ಯಾ!"

ಎದುರುಮನೆಯ ಇನ್ಶೂರೆನ್ಸ್ ಏಜೆಂಟ್ ಓಡಿಬಂದ. "ಗಡ್ಡೆ! ನಮ್ಮ ಷಡ್ಡಕನಿಗೂ ಹೀಗೇ ಶುರುವಾಗಿದ್ದು. ಸಂಜೆಗೆ ಕತೆ ಮುಗೀತು. ಪಾಲಿಸಿ ಮಾಡಿಸಿ ಅಂತ ಬಡ್ಕೊಂಡೆ, ಕೇಳಿದ್ರಾ?"

ಗದ್ದಲ ಕೇಳಿ ಹೆಂಡತಿ ಇಳಿದು ಬಂದಳು, ಅಳುತ್ತಲೇ.

"ಏನೂ ಆಗಿಲ್ಲ ಕಣೇ..."

"ಸುಮ್ನಿರಿ! ಈ ಸ್ಥಿತೀಲೂ ನನಗೆ ಧೈರ್ಯ ಹೇಳ್ತೀರಲ್ಲ!"

ಇವಳ ಮುಂದೆ ಶರಟು ಬಿಚ್ಚುವುದಕ್ಕಿಂತ ಗಡ್ಡೆಯೇ ವಾಸಿ ಎನಿಸಿತು ಪೈಲಟ್‌ಗೆ. ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎಲ್ಲರೂ ಸೇರಿ ರಸ್ತೆ ತಿರುವಿನ ಡಾಕ್ಟರ ಬಳಿಗೆ ಹೊತ್ತೊಯ್ದೇಬಿಟ್ಟರು. ಕುರ್ಚಿ ಕುಲುಕಿದಾಗೆಲ್ಲ ಶರಟಿನೊಳಗಿಂದ ಪಂಖ 'ಟರ್ರ್' ಎನ್ನುತ್ತಿತ್ತು.

"ಕೇಳಿಸ್ತಾ? ಗಡ್ಡೆ ಮಾತಾಡ್ತಿದೆ!" ಎಂದ ಏಜೆಂಟ್.

ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ ಶರಟು ಎತ್ತಿದರು. ಪೈಲಟ್ ಮಲಗಿದಲ್ಲೇ ಕೈ ಮುಗಿದ. "ಡಾಕ್ಟ್ರೇ, ಮನೆಯವಳಿಗೆ ಹೇಳ್ಬೇಡಿ. ಸಂಸಾರ ಮುಳುಗಿಹೋಗುತ್ತೆ."

ಡಾಕ್ಟರು ವಿಮಾನವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಂಖಕ್ಕೆ ಬೆರಳು ತಾಗಿಸಿ ತಿರುಗಿಸಿದರು. "ಯುದ್ಧಕಾಲದ್ದೇ. ಆಹಾ, ಬೆಸುಗೆ ನೋಡಿ!"

ಪೈಲಟ್‌ಗೆ ಹೋದ ಜೀವ ಬಂದಂತಾಯಿತು. "ನಿಮಗೂ ಈ ಹುಚ್ಚಾ?"

"ಅಲ್ಪಸ್ವಲ್ಪ. ನಿಮ್ಮ ಹತ್ರ ಇನ್ನೇನಿದೆ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬಾಂಬ್ ಹಾಕುವ ವಿಮಾನ, ನೀರಿನ ಮೇಲಿಳಿಯುವಂಥದ್ದು, ಬಾಲ ಮುರಿದದ್ದು, ಎಲ್ಲವನ್ನೂ ಕೈಕಾಲು ಆಡಿಸಿ ವರ್ಣಿಸಿದ. ಡಾಕ್ಟರು ಬೇರೆ ಯಾವ ರೋಗಿಯ ಮಾತನ್ನೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಕ್ಕಿಲ್ಲ.

"ಚಿಂತೆ ಬಿಡಿ. ಇದು ನಮ್ಮಿಬ್ಬರ ಗುಟ್ಟು" ಎಂದು ವಿಮಾನವನ್ನು ಡ್ರಾಯರಿಗೆ ಸೇರಿಸಿ ಬಾಗಿಲು ತೆರೆದರು.

"ತಾಯೀ, ಅಪಾಯ ತಪ್ಪಿತು. ಗಟ್ಟಿಯಾಗಿದ್ದದ್ದನ್ನ ತೆಗೆದಿದ್ದೀನಿ. ಆದರೆ ಇದಕ್ಕೆಲ್ಲ ಮೂಲ ಹಿತ್ತಾಳೆ. ಮನೇಲಿ ಹಳೇ ಹಿತ್ತಾಳೆ ಆಟಿಕೆ ಗೀಟಿಕೆ ಇದೆಯಾ?"

"ಶೋಕೇಸ್ ತುಂಬಾ ಅದೇ!"

"ಒಂದೂ ಇರಕೂಡದು. ಗುಜರಿಯವನಿಗೂ ಕೊಡ್ಬೇಡಿ, ಪಾಪ, ಅವನಿಗೂ ಹೆಂಡತಿ ಮಕ್ಕಳಿರ್ತಾರೆ. ಇಲ್ಲಿಗೇ ತನ್ನಿ, ನಾನೇ ವಿಲೇವಾರಿ ಮಾಡ್ತೀನಿ."

"ಡಾಕ್ಟ್ರೇ!" ಪೈಲಟ್ ಎದ್ದು ಕುಳಿತ.

ಡಾಕ್ಟರು ತಾಯಿಯಂತೆ ಅವನತ್ತ ನೋಡಿದರು. "ಏನು? ಹೊಟ್ಟೆಯಿಂದ ತೆಗೆದದ್ದನ್ನ ಮನೆಯವರಿಗೂ ತೋರಿಸ್ಲಾ?"

ಪೈಲಟ್ ಮತ್ತೆ ಮಲಗಿದ.

ಮೇಷ್ಟ್ರು, ಏಜೆಂಟ್ ಇಬ್ಬರೂ ಬೆಡ್‌ಶೀಟಿನಲ್ಲಿ ಇಡೀ ವಾಯುಪಡೆಯನ್ನು ಗಂಟು ಕಟ್ಟಿ ತಂದು ಟೇಬಲ್ಲಿನ ಮೇಲೆ ಸುರಿದರು. ಹೆಂಡತಿ ಪರ್ಸು ತೆಗೆದಳು.

"ಛೆ ಛೆ, ಫೀಸು ಬೇಡಮ್ಮ."

ಅವಳ ಕಣ್ಣು ತುಂಬಿಬಂತು. "ಈ ಕಾಲದಲ್ಲೂ ಇಂಥವರಿದ್ದಾರಲ್ರೀ! ಕೈ ಮುಗೀರಿ."

ಪೈಲಟ್ ಕೈ ಮುಗಿದ.

ಡಾಕ್ಟರು ಅವನ ಬೆನ್ನು ತಟ್ಟಿದರು. "ಮುಂದೆಂದಾದ್ರೂ ಹೊಟ್ಟೆ ಗಟ್ಟಿಯಾದ್ರೆ ಮನೆಗೆ ಹೋಗ್ಬೇಡಿ. ಸೀದಾ ಇಲ್ಲಿಗೇ ಬಂದ್ಬಿಡಿ."