ಮುಚ್ಚಿದೆಯಂತೆ ಕಿನುಯೊಳ ಸ್ನಾನದ ಮನೆ

ನಮ್ಮ ಕೇರಿಯ ಸಾರ್ವಜನಿಕ ಸ್ನಾನದ ಮನೆಯನ್ನು ಮುಚ್ಚಲಾಗಿದೆ ಎಂದು ಪಟ್ಟಣದ ಕಚೇರಿಯವರು ಪ್ರಕಟಿಸಿದ್ದಾರೆ. ನಾನು ಈಗತಾನೇ ಅಲ್ಲಿ ಮಿಂದು ಬಂದೆ. ಕೂದಲು ಇನ್ನೂ ಆರಿಲ್ಲ.

ನಮ್ಮ ಜಪಾನಿನಲ್ಲಿ ಮೊದಲೇ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಮಾತಾಡುವವರು. ಅದೂ ಸಾಲದೆಂದು ಕಚೇರಿ ನಿಯಮ ತಂದಿತು: "ಕಣ್ಣಾರೆ ಕಾಣದ ಯಾವ ಸಂಗತಿಯನ್ನೂ ‘ಅಂತೆ’ ಸೇರಿಸದೆ ಹೇಳತಕ್ಕದ್ದಲ್ಲ." ಅವತ್ತಿನಿಂದ ತೋಫು ಮಾರುವ ಕುಸಕ ತನ್ನ ವಯಸ್ಸನ್ನೂ "ಅರವತ್ತಂತೆ" ಅನ್ನುತ್ತಾನೆ. ತಾನು ಹುಟ್ಟಿದ್ದನ್ನು ಅವನು ನೋಡಿಲ್ಲವಲ್ಲ.

ಸ್ನಾನದ ಮನೆ ಕಿನುಯೊಳದು. ಗಂಡ ಸತ್ತ ಮೇಲೆ ಅವಳಿಗೆ ಅನ್ನ ಅಂತ ಇರುವುದು ಅದೊಂದೇ. ಒಂದು ಬೆಳಿಗ್ಗೆ ಕುಸಕನ ಹತ್ತಿರ, "ಸೊಂಟ ಹಿಡ್ಕೊಂಡಿದೆ ಕಣಪ್ಪ, ನಾಳೆ ಬಾಗಿಲು ತೆಗೀತೀನೋ ಇಲ್ವೋ" ಅಂದಳು. ಕುಸಕ ಅದನ್ನು ಕೇರಿಯ ಮುಖಂಡರಿಗೆ ಮುಟ್ಟಿಸಿದ. ಮುಖಂಡರು ಮನೆಯಿಂದ ಮನೆಗೆ ಹೋಗುವ ಸುದ್ದಿಹಲಗೆಯಲ್ಲಿ ಬರೆದರು: "ಸ್ನಾನದ ಮನೆ ಮುಚ್ಚುತ್ತದಂತೆ."

ಹಲಗೆ ಬಂದರೆ ಓದಿ, ಓದಿದ್ದಕ್ಕೆ ಗುರುತಾಗಿ ಮನೆಯ ಹೆಸರಿನ ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಕಿನುಯೊಳ ಮನೆಗೂ ಬಂತು. ಓದಿದಳು, ಕಣ್ಣೀರು ಒರೆಸಿಕೊಂಡಳು, ಮುದ್ರೆ ಒತ್ತಿದಳು.

"ಅಯ್ಯೋ ಹುಚ್ಚೀ, ಸುಳ್ಳು ಅಂತ ಹೇಳೋಕೆ ಬಾಯಿ ಇರ್ಲಿಲ್ವಾ?" ಅಂದೆ.

"ಹಲಗೆ ನಮ್ಮನೇಲೇ ನಿಂತ್ಬಿಟ್ರೆ ಪಕ್ಕದ್ಮನೆಯವರಿಗೆ ತೊಂದ್ರೆ ಆಗಲ್ವಾ ಅಕ್ಕಾ?"

ಅದೂ ನ್ಯಾಯವೇ. ನಾನೂ ಒತ್ತಿದ್ದೆ.

ಕಚೇರಿಯವರು ಮುದ್ರೆಗಳನ್ನು ನೋಡಿ, "ಮಾಲೀಕಳೂ ಸೇರಿದಂತೆ ಇಡೀ ಕೇರಿಯೇ ದೃಢಪಡಿಸಿದೆ" ಎಂದು ತೀರ್ಮಾನಿಸಿ, ಮುಚ್ಚಿದೆಯೆಂದು ಪ್ರಕಟಿಸಿಯೇಬಿಟ್ಟರು. ಇನ್ನು ಒಬ್ಬ ಅಧಿಕಾರಿ ಕಣ್ಣಾರೆ ನೋಡಿ ವರದಿ ಕೊಟ್ಟರೆ ನೀರು ಕಡಿತ. ಅದಕ್ಕಾಗಿ ಮಿನೆಗಿಶಿ ಸಾಹೇಬರು ಬಂದರು.

"ಮುಚ್ಚಿದೆಯಂತಲ್ಲಮ್ಮ?"

"ಹೌದಂತೆ ಸಾಹೇಬ್ರೇ. ಬನ್ನಿ ಒಳಗೆ, ಬೂಟು ಅಲ್ಲಿಡಿ," ಅಂದಳು ಕಿನುಯೊ, ಟವೆಲು ಕೊಡುತ್ತಾ.

ಬಟ್ಟೆ ಉಟ್ಟವರು ತೊಟ್ಟಿಯ ತನಕ ಹೋಗುವಂತಿಲ್ಲ. ಹಾಗಾಗಿ ಸಾಹೇಬರು ಬಟ್ಟೆ ಬಿಚ್ಚಿದರಂತೆ. (ನಾನು ಹೆಂಗಸರ ಕಡೆ ಇದ್ದೆ. ಗೋಡೆಯಾಚೆಯದನ್ನು ನಿಯಮದ ಪ್ರಕಾರವೇ ಹೇಳುತ್ತಿದ್ದೇನೆ.) ಕನ್ನಡಕಕ್ಕೆ ಆವಿ ಕವಿಯಿತಂತೆ.

"ಏನಾದ್ರೂ ಕಾಣ್ತಾ ಸಾಹೇಬ್ರೇ?" ಇದು ತೊಟ್ಟಿಯೊಳಗಿಂದ ಕುಸಕನ ದನಿ.

"ಏನೂ ಕಾಣ್ತಿಲ್ಲಪ್ಪ. ಇನ್ನೊಂದು ಸ್ವಲ್ಪ ಹೊತ್ತು ಕೂತು ನೋಡ್ತೀನಿ."

ಹೊರಗೆ ಬಂದಾಗ ಸಾಹೇಬರು ಬೇಯಿಸಿದ ಸೀಗಡಿಯ ಬಣ್ಣಕ್ಕಿದ್ದರು. ಇದು ನಾನೇ ನೋಡಿದ್ದು. ಸೊಂಟದ ಮೇಲೆ ಕೈಯಿಟ್ಟು ನಿಂತು, ತಣ್ಣನೆಯ ಹಾಲಿನ ಬಾಟಲಿ ಒಂದೇ ಗುಟುಕಿಗೆ ಖಾಲಿ ಮಾಡಿ, ವರದಿ ಬರೆದರು: "ಮುಚ್ಚಿದೆಯಂತೆ. ಕಣ್ಣಾರೆ ಕಾಣಲಾಗಿಲ್ಲ. ಪರಿಶೀಲನೆ ಮುಂದುವರಿಯುವುದು."

ಪರಿಶೀಲನೆ ಮುಗಿಯುವ ತನಕ ನೀರು ಕಡಿಯುವಂತಿಲ್ಲ. ಸಾಹೇಬರು ದಿನಾ ಸಂಜೆ ಬರುತ್ತಾರೆ, ಸೋಪು ಅಲ್ಲೇ ಇಟ್ಟಿದ್ದಾರೆ. ಹೋದ ವಾರ ಮೇಲಧಿಕಾರಿಯನ್ನೂ ಕರೆತಂದರು. ಅವರಿಗೂ ಕನ್ನಡಕ. ಮುಚ್ಚಿದ ಸ್ನಾನದ ಮನೆ ಹೇಗಿರುತ್ತದೆ ನೋಡೋಣವೆಂದು ಆಚೆ ಕೇರಿಯವರೂ ಬಕೆಟ್ಟು ಹಿಡಿದು ಬರುತ್ತಿದ್ದಾರೆ. ಕಿನುಯೊಳಿಗೆ ಸೊಂಟ ನೋವು ಅನ್ನಲೂ ಪುರುಸೊತ್ತಿಲ್ಲ.

ಇವತ್ತು ಮತ್ತೆ ಹಲಗೆ ಬಂತು: "ಮುಚ್ಚಿದ ಸ್ನಾನದ ಮನೆಯಲ್ಲಿ ಕೂರಲು ಜಾಗ ಸಾಲುತ್ತಿಲ್ಲವಂತೆ."

ಓದಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸಿದೆ.