ಆಮೆ ಅವಿರೋಧವಾಗಿ ಗೆದ್ದದ್ದು

ಅತಿಥಿ ಶಿಕ್ಷಕಿಯ ಬದುಕಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಬಸ್ಸು, ಅಲ್ಲಿಂದ ಸಿಕ್ಕಿದ ಆಟೋ ಹಿಡಿದು ಕಾಡಂಚಿನ ಒಂದು ಶಾಲೆಗೆ ಏಳು ವರ್ಷ ಹೋಗಿ ಕನ್ನಡ ಕಲಿಸಿದವಳು ನಾನು. ಬೇಸಿಗೆ ರಜೆ ಬಂತೆಂದರೆ ನಮ್ಮ ಕೆಲಸ ಮುಗಿಯಿತು. ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರಬೇಕು. ನಮಗೆ ಅತಿಥಿ ಎಂದು ಹೆಸರಿಟ್ಟ ಪುಣ್ಯಾತ್ಮರ ಮನೆಗೆ ಯಾವ ನೆಂಟರೂ ಹೋಗದಿರಲಿ.

ಹೋದ ವರ್ಷ ಜಿಲ್ಲೆಯ ಶಾಲೆಗಳಿಗೆಲ್ಲ ಒಂದು ಸ್ಪರ್ಧೆ ಬಂತು. ಮಕ್ಕಳು ನೋಡಿ ನಗುವಂಥ ಐದು ನಿಮಿಷದ ಕಾರ್ಟೂನು ಮಾಡಬೇಕು, ವಿಷಯ ನಾಯಕತ್ವ. ನನಗೆ ಚಿತ್ರ ಬರೆಯಲು ಬರುತ್ತದೆಂದು ಹೆಡ್‌ಮಾಸ್ಟರಿಗೆ ಗೊತ್ತಿತ್ತು. "ನೀವೇ ಮಾಡಿಬಿಡಿ ಮೇಡಂ. ಬಹುಮಾನ ಬಂದರೆ ಮುಂದಿನ ವರ್ಷಕ್ಕೆ ನಿಮ್ಮ ಹೆಸರನ್ನೇ ಮೊದಲು ಬರೀತೀನಿ," ಎಂದರು. ನನಗೆ ಅಷ್ಟೇ ಸಾಕಾಗಿತ್ತು, ನಂಬಿಬಿಟ್ಟೆ.

೧. ಕನ್ನಡಕ

ಕಥೆ ಸುಲಭದ್ದು. ಕಾಡಿನ ಕೆರೆ ಒಣಗಿದೆ. ಹುಲಿ, ಆನೆ, ಮೊಲ, ಆಮೆ ನಾಲ್ವರು ಗೆಳೆಯರು. ನೀರು ಹುಡುಕಲು ಒಬ್ಬ ನಾಯಕ ಬೇಕೆಂದು ಓಟು ಹಾಕುತ್ತಾರೆ. ನೀರಿನ ದಾರಿ ಗೊತ್ತಿರುವುದು ಆಮೆಗೆ ಮಾತ್ರ, ಹಾಗಾಗಿ ಆಮೆ ಗೆಲ್ಲುತ್ತದೆ. ಆಮೇಲೆ ಹುಲಿಯೂ ಆನೆಯೂ ಅದರ ಹಿಂದೆ ಅಂಗುಲಂಗುಲವಾಗಿ ನಡೆಯುವುದೇ ತಮಾಷೆ.

ರಟ್ಟಿನಲ್ಲಿ ಪ್ರಾಣಿಗಳನ್ನು ಕತ್ತರಿಸಿ, ಮೇಜಿನ ಮೇಲೆ ಒಂದಿಷ್ಟಿಷ್ಟೇ ಸರಿಸುತ್ತ, ಮೊಬೈಲಿನಲ್ಲಿ ಸಾವಿರಾರು ಫೋಟೊ ತೆಗೆದೆ. ಕುತ್ತಿಗೆ ಹಿಡಿದುಕೊಂಡಿತು. ಹೆಡ್‌ಮಾಸ್ಟರು ನೋಡಿದವರೇ ಬಾಗಿಲು ಹಾಕಿದರು.

"ಆಮೆಗೆ ಕನ್ನಡಕ ಯಾಕೆ ಹಾಕಿದ್ದೀರಿ?"

"ವಯಸ್ಸಾದ ಆಮೆ ಸರ್."

"ನಮ್ಮ ಬಿಇಒ ಸಾಹೇಬರಿಗೂ ಕನ್ನಡಕ ಇದೆ. ಫೈಲು ನಿಧಾನ ಅಂತ ಮೊದಲೇ ಜನ ಆಡಿಕೊಳ್ತಾರೆ. ತೆಗೀರಿ ಅದನ್ನ."

ನಾಲ್ಕು ದಿನ ಕೂತು ಆಮೆಯ ಫೋಟೊಗಳನ್ನೆಲ್ಲ ಮತ್ತೆ ತೆಗೆದೆ. ಹೆಡ್‌ಮಾಸ್ಟರು ಮತ್ತೆ ನೋಡಿದರು, ಹಣೆ ಒರೆಸಿಕೊಂಡರು.

"ಈಗ ಸಾಹೇಬರು ಕನ್ನಡಕ ತೆಗೆದಿಟ್ಟ ಹಾಗೇ ಇದೆಯಲ್ಲಾ ಮೇಡಂ!"

೨. ಆನೆಯ ಧ್ವನಿ

ಪ್ರಾಣಿಗಳ ಮಾತನ್ನು ಮಕ್ಕಳಿಂದಲೇ ಆಡಿಸಬೇಕಿತ್ತು. ಆನೆಗೆ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಆರಿಸಿದೆ. ಗಟ್ಟಿ ಗಂಟಲು. ಅವಳು ಹೇಳಬೇಕಾದದ್ದು ಒಂದೇ ಮಾತು, "ನಾವೆಲ್ಲ ಒಂದೇ ಕಾಡಿನ ಗೆಳೆಯರು." ಅವಳು ಬಾಯೇ ಬಿಡಲಿಲ್ಲ.

"ಯಾಕೆ ಪುಟ್ಟಿ?"

"ನಾನ್ ಆ ಮಾತ್ ಏಳಕ್ಕಿಲ್ಲ ಮಿಸ್. ಹೋದ್ ತಿಂಗ್ಳು ಆನೆ ಬಂದು ನಮ್ ಬಾಳೆ ತೋಟಾನೆಲ್ಲ ತುಳ್ದಾಕ್ಬುಡ್ತು. ಅದ್ಯಾವ್ ಸೀಮೆ ಗೆಳೆಯ?"

"ಇದು ಕಥೆಯ ಆನೆ ಕಣಮ್ಮಿ."

"ಅದೂ ನೋಡಕ್ಕೆ ಇಂಗೇ ಇತ್ತು."

ನನಗೆ ನಾಚಿಕೆಯಾಯಿತು. ಗುಂಡ್ಲುಪೇಟೆಯ ಮನೆಯಲ್ಲಿ ಕೂತು ಆನೆಯನ್ನು ಗೆಳೆಯ ಎಂದು ಬರೆಯುವುದಕ್ಕೆ ನನ್ನ ಗಂಟೇನು ಹೋಗುತ್ತದೆ? ಆನೆ ಮೊದಲು "ತಪ್ಪಾಯ್ತು" ಎಂದು ಕೈಮುಗಿಯುವಂತೆ, ಅಂದರೆ ಸೊಂಡಿಲು ಮುಗಿಯುವಂತೆ, ಒಂದು ದೃಶ್ಯ ಸೇರಿಸಿದೆ. ಆಗ ಒಪ್ಪಿದಳು, ಚೆನ್ನಾಗಿಯೇ ಹೇಳಿದಳು. ಎಲ್ಲ ಮುಗಿದ ಮೇಲೆ ಪೂರ್ತಿ ಕಾರ್ಟೂನು ತೋರಿಸಿದೆ. ಬಹಳ ಗಮನವಿಟ್ಟು ನೋಡಿ ಕೇಳಿದಳು:

"ಚೆನ್ನಾಗದೆ ಮಿಸ್. ಇದ್ನ ಆನೆಗೆ ಯಾವತ್ತು ತೋರಿಸ್ತೀರಿ?"

೩. ಮಾದಪ್ಪನ ವಾಹನ

ಕಳಿಸುವ ಮೊದಲು ಊರಿನವರಿಗೆ ಶಾಲೆಯ ಟಿವಿಯಲ್ಲಿ ತೋರಿಸಿದೆವು. ನಾನು ಮರೆತಿದ್ದೆ, ಈ ಸೀಮೆಯಲ್ಲಿ ಹುಲಿಯೆಂದರೆ ಬರೀ ಹುಲಿಯಲ್ಲ, ಮಲೆ ಮಾದಪ್ಪ ಏರುವ ವಾಹನ. ನನ್ನ ರಟ್ಟಿನ ಹುಲಿ ಪೊದೆಯಿಂದ ಹೊರಗೆ ಬಂದದ್ದೇ ತಡ, ಅಜ್ಜಿಯರೆಲ್ಲ ಎದ್ದು ನಿಂತು "ಉಘೇ ಮಾದಪ್ಪ ಉಘೇ!" ಎಂದರು. ಒಬ್ಬ ಅಜ್ಜಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಟಿವಿಗೇ ಮೂರು ಬೆರಳು ಎಳೆದರು. ಅದರ ಹಿಂದೆ ಆಮೆ ಕಾಣದೇ ಹೋಯಿತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಓಟಿನಲ್ಲಿ ಹುಲಿ ಸೋತಿತು. ಶಾಲಾ ಸಮಿತಿಯ ಅಧ್ಯಕ್ಷರು ಎದ್ದರು. ಅತಿಥಿ ಶಿಕ್ಷಕರನ್ನು ಕರೆಯಲು ಸಮಿತಿಯ ಒಪ್ಪಿಗೆಯೂ ಬೇಕು. ಅವರ ಮೀಸೆ ಅಲ್ಲಾಡಿದರೆ ನನ್ನ ಎದೆ ಅಲ್ಲಾಡುತ್ತದೆ.

"ಏನ್ ಮೇಡಮ್ಮೋರೆ, ಮಾದಪ್ಪನ್ ಹುಲಿ ಒಂದ್ ಆಮೆ ಮುಂದೆ ಸೋಲ್ತದಾ?"

"ತಪ್ಪಾಯ್ತು. ಹುಲೀನೇ ಗೆಲ್ಲಿಸಲಾ?"

"ಎಲ್ಲಾರಾ ಉಂಟೆ! ಅಷ್ಟ್ ದೊಡ್ಡೋರು ಓಟ್ಗೆ ನಿಂತ್ಕೋತಾರಾ? ಹುಲಿ ಬಂಡೆ ಮ್ಯಾಲ್ ಕೂತ್ಕೊಂಡು ಆಮೆಗೆ ಆಶೀರ್ವಾದ ಮಾಡ್ಲಿ. ಮಿಕ್ಕೋರು ಕೂತು ಮಾತಾಡಿ ಅವಿರೋಧ ಮಾಡ್ಬುಡ್ಲಿ."

"ಮಕ್ಕಳಿಗೆ ಓಟು ಅಂದರೇನು ಅಂತ ಗೊತ್ತಾಗಬೇಕಲ್ಲ ಅಧ್ಯಕ್ಷರೇ?"

ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು.

"ನಾನ್ ಮೂರ್ ಸಲ ಅಧ್ಯಕ್ಷ ಆಗಿವ್ನಿ ಮೇಡಮ್ಮೋರೆ. ಓಟು ಅಂದ್ರೇನು ಅಂತ ನಂಗೇ ಗೊತ್ತಿಲ್ಲ."

೪. ಬಹುಮಾನ

ಅವಿರೋಧವಾಗಿ ಗೆದ್ದ ಆಮೆಗೇ ಜಿಲ್ಲೆಯಲ್ಲಿ ಮೊದಲ ಬಹುಮಾನ ಬಂತು. ಹೆಡ್‌ಮಾಸ್ಟರೂ ನಾನೂ ಚಾಮರಾಜನಗರಕ್ಕೆ ಹೋದೆವು. ವೇದಿಕೆಯಲ್ಲಿ ಓದಿದ್ದು ಹೆಡ್‌ಮಾಸ್ಟರ ಹೆಸರು. ಅರ್ಜಿಯಲ್ಲಿ ಕಾಯಂ ಶಿಕ್ಷಕರ ಹೆಸರಿಗೆ ಮಾತ್ರ ಜಾಗವಿತ್ತಂತೆ, ಅವರು ಪಾಪ ಏನು ಮಾಡಿಯಾರು. ನಾನು ಪಕ್ಕದಲ್ಲಿ ನಿಂತು ಪೆನ್‌ಡ್ರೈವು ಹಾಕಿದೆ. ಹೊಟ್ಟೆ ಉರಿಯಿತು, ಚಪ್ಪಾಳೆಯನ್ನೂ ತಟ್ಟಿದೆ.

ಶಾಲು ಹೊದ್ದು ಹೆಡ್‌ಮಾಸ್ಟರು ಭಾಷಣ ಮಾಡಿದರು. "ಜೊತೆಯವರನ್ನೆಲ್ಲ ಕರೆದುಕೊಂಡು ಹೋಗುವವನೇ ನಿಜವಾದ ನಾಯಕ!" ಎಂದು ಮೇಜು ಗುದ್ದಿದರು. ಆಮೇಲೆ ಸಾಹೇಬರ ಜೀಪು ಹತ್ತಿ ಗುಂಡ್ಲುಪೇಟೆಗೆ ಹೊರಟುಹೋದರು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಜೀಪಿನಲ್ಲಿ ಎರಡು ಸೀಟು ಖಾಲಿ ಇದ್ದವು.

೫. ಫೋನು

ಜೂನು ಬಂತು. ನಮ್ಮ ಶಾಲೆ ಕಾಡಂಚಿನದು, ಕಾಯಂ ಶಿಕ್ಷಕರು ಅದರ ಹೆಸರು ಕೇಳಿದರೇ ರಜೆ ಹಾಕುತ್ತಿದ್ದರು. ನನ್ನಂಥವಳಿಗೆ ಏಳು ವರ್ಷ ಅಲ್ಲಿ ಜಾಗ ಸಿಕ್ಕಿದ್ದೇ ಆ ಕಾರಣಕ್ಕೆ. ಈಗ ಜಿಲ್ಲೆಗೇ ಮೊದಲ ಬಹುಮಾನ ಬಂದ ಶಾಲೆ. ಪೇಪರಿನಲ್ಲಿ ಓದಿದ ಕನ್ನಡದ ಕಾಯಂ ಶಿಕ್ಷಕರೊಬ್ಬರು ತಾವಾಗಿಯೇ ಕೇಳಿಕೊಂಡು ಅಲ್ಲಿಗೆ ವರ್ಗವಾಗಿ ಬಂದರು. ಕಾಯಂನವರು ಬಂದ ಮೇಲೆ ಅತಿಥಿಗೆ ಕೆಲಸವೆಲ್ಲಿ? ಕತ್ತರಿ ಹಿಡಿದು ರಾತ್ರಿ ಹಗಲು ಕೂತು ನನ್ನ ಕೆಲಸವನ್ನು ನಾನೇ ಕತ್ತರಿಸಿಕೊಂಡಿದ್ದೆ. ಎರಡು ದಿನ ಅತ್ತೆ. ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಹೆಡ್‌ಮಾಸ್ಟರ ಫೋನು ಬಂತು. ಏನೋ ದಾರಿ ಮಾಡಿದ್ದಾರೆ ಎಂದುಕೊಂಡು ಒದ್ದೆ ಕೈಯಲ್ಲೇ ಎತ್ತಿದೆ.

"ಮೇಡಂ, ಒಳ್ಳೇ ಸುದ್ದಿ! ನಮ್ಮ ಕಾರ್ಟೂನಿಗೆ ಎರಡನೇ ಭಾಗ ಮಾಡಿ ಅಂತ ಸಾಹೇಬರೇ ಕೇಳಿದ್ದಾರೆ. ಹೊಸ ಮೇಷ್ಟ್ರಿಗೆ ಚಿತ್ರ ಬರೋದಿಲ್ಲ."

"ವಿಷಯ ಏನು ಸರ್?"

"ಗೆಳೆಯರನ್ನ ನಡುದಾರಿಯಲ್ಲಿ ಕೈಬಿಡದ ನಾಯಕ. ಬೇಗ ಮಾಡಿಕೊಡಿ ಮೇಡಂ, ಹೇಗೂ ಮನೇಲಿ ಖಾಲಿ ಕೂತಿದ್ದೀರಲ್ಲ."