ಮೊದಲ ಮಾತಿಗೆ ಒಪ್ಪದವನ ಚೆಸ್

ಎದುರಿನವರ ಮೊದಲ ಮಾತಿಗೇ ಒಪ್ಪಿಕೊಂಡವನು ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ಶಿರಸಿಯಲ್ಲಿ ಹಳೇ ಬೈಕುಗಳ ವ್ಯಾಪಾರ ಮಾಡಿ ಸ್ವಂತ ಕಾಲಮೇಲೆ ನಿಂತವನು ನಾನು, ಬೇಕಾದರೆ ಬರೆದಿಟ್ಟುಕೊಳ್ಳಿ. ದರ ಕೇಳಿದ ಕೂಡಲೇ ಮುಖ ಸಿಂಡರಿಸಬೇಕು, ಟಯರಿಗೊಂದು ಒದೆಯಬೇಕು, "ನೋಡನ" ಎಂದು ಹೊರಟೇಬಿಡಬೇಕು. ಹಿಂದಿನಿಂದ ಕರೆ ಬಂದೇ ಬರುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸುತ್ತಿದ್ದವಳು ಹೆಂಡತಿಯೊಬ್ಬಳೇ. ಊಟ ಬೇಡವೆಂದು ಮುನಿದು ಹೊರಟರೆ ಅವಳು ಕರೆಯುತ್ತಲೇ ಇರಲಿಲ್ಲ. ಹಸಿದು ನಾನೇ ವಾಪಸು ಬರುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಚೌಕಾಸಿಗೂ ಜನವಿಲ್ಲ. ಮೊಬೈಲಿನಲ್ಲಿ ಚೆಸ್ ಹಿಡಿದೆ. ಅದು ಆಡುತ್ತದೆ, ಮಾತಾಡುವುದಿಲ್ಲ. ಯಲ್ಲಾಪುರದಲ್ಲಿ ಟೂರ್ನಮೆಂಟ್ ಎಂದು ಕೇಳಿ ಬೈಕು ಹತ್ತಿದ್ದು, ನಿಜ ಹೇಳುತ್ತೇನೆ, ಗೆಲ್ಲುವ ಕಪ್ಪಿನ ಆಸೆಗಲ್ಲ. ಎದುರಿಗೊಬ್ಬ ಮನುಷ್ಯ ಎದ್ದು ಹೋಗದೆ ಕೂತಿರುತ್ತಾನಲ್ಲ ಎಂದು. ಹೋದಮೇಲೆ ತಿಳಿಯಿತು, ಆಡುವಾಗ ಅಲ್ಲಿಯೂ ಮಾತಾಡುವಂತಿಲ್ಲವಂತೆ!

ನನ್ನೆದುರು ಕೂತವರು ಸಿದ್ದಾಪುರದ ನಾಯ್ಕರು, ನಿವೃತ್ತ ಬಸ್ ಕಂಡಕ್ಟರು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ನಾನು ಸಿಸಿಲಿಯನ್ ಡಿಫೆನ್ಸ್ ಹೂಡಿದೆ. ಎದುರಿಗೆ ನಿಂತು ಹಾದಿ ಕಟ್ಟದೆ ಪಕ್ಕದಿಂದ ಕೊಕ್ಕೆ ಹಾಕುವ ಆಟ ಅದು, ಶುದ್ಧ ಚೌಕಾಸಿ. ಆದರೆ ಇಬ್ಬಾಯಿ ಕತ್ತಿ. ನಡು ಆಟದಲ್ಲಿ ಇಬ್ಬರ ರಾಜರೂ ಬಯಲಿಗೆ ಬಿದ್ದಾಗ ನಾಯ್ಕರು ಮೆಲ್ಲಗೆ ಕೈ ಚಾಚಿದರು: "ಡ್ರಾ ಮಾಡ್ಕಳನಾ ಮಾರಾಯ್ರೆ?"

ಮೊದಲ ಮಾತು! ಹೆದರಿದ್ದಾರೆ ಎಂದುಕೊಂಡು ಮುಖ ಸಿಂಡರಿಸಿದೆ. ಎರಡನೆಯ ಸಲ ಕೇಳಲಿ ಎಂದು ಕಾದೆ. ಕೇಳಲಿಲ್ಲ. ಅವರ ಕುದುರೆ ಬಂತು, ಆನೆ ಬಂತು, ನನ್ನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

ಹೊರಗೆ ಬಂದಮೇಲೆ ನಾಯ್ಕರೆಂದರು: "ಬೇಗ ಮುಗ್ಸಿ ಒಟ್ಟಿಗೆ ಚಾ ಕುಡಿಯೂಕೆ ಹೋಗನ ಅಂತ ಡ್ರಾ ಕೇಳಿದ್ದೆ. ಈಗ ಬಸ್ಸಿಗೆ ಹೊತ್ತಾಯ್ತು. ಮುಂದಿನ ಆದಿತ್ಯವಾರ ನಮ್ಮನೆಗೆ ಬನ್ನಿ, ಆಡನ. ನಾನೂ ಒಬ್ನೇ ಇರೂದು."

"ನೋಡನ," ಎಂದಿತು ನನ್ನ ಬಾಯಿ. ಹಾಳಾದ ಬಾಯಿ! ಇನ್ನೊಮ್ಮೆ ಕರೆಯಲಿ ಎಂದು ಬೈಕಿನ ಬಳಿ ಹೋಗಿ, ಕೀಲಿ ತಿರುಗಿಸದೆ ಸುಮ್ಮನೆ ಕಿಕ್ ಹೊಡೆಯುತ್ತ ನಿಂತೆ. ನಾಯ್ಕರು ತಿರುಗಿ ನೋಡಿದರು. "ಎಂತಾ ಗಾಡಿ ಮಾರಾಯ್ರೆ ಇದು! ಯಾರಿಗಾದ್ರೂ ಮಾರಿಬಿಡಿ," ಎಂದು ಬಸ್ಸು ಹತ್ತಿದರು.

ಆದ್ದರಿಂದ ನನ್ನ ಸಲಹೆ: ಬೈಕು ಕೊಳ್ಳುವಾಗ ಎಷ್ಟು ಬೇಕಾದರೂ ಎಳೆದಾಡಿ, ಮನೆಗೆ ಕರೆದರೆ ಮಾತ್ರ ಮೊದಲ ಮಾತಿಗೇ ಹೂಂ ಅನ್ನಿ. ಇವತ್ತು ಆದಿತ್ಯವಾರ. ಸಿದ್ದಾಪುರ ದೂರವೇನಲ್ಲ, ಗಾಡಿಯೂ ಒಂದೇ ಕಿಕ್ಕಿಗೆ ಹೊರಡುತ್ತದೆ. ಬೋರ್ಡು, ಕಾಯಿ ಎಲ್ಲ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದೇನೆ, ನಾಯ್ಕರು ಫೋನು ಮಾಡಿ ಇನ್ನೊಮ್ಮೆ ಕರೆಯಲಿ ಎಂದು. ನನ್ನ ನಂಬರನ್ನು ಅವರೇ ಕೇಳಲಿ ಎಂದು ನಾನು ಕೊಟ್ಟಿಲ್ಲ, ಅಷ್ಟೇ.